ಫ್ರಿಜ್ಜಿಗೆ ಬಿದ್ದ ಬೀಗ

ಆ ದಿನ ಬೆಳಗ್ಗೆ ಗಾಳಿ ಮುನಿಸಿಕೊಂಡ ನೆಂಟನ ಹಾಗೆ ಬೀದಿಗೆ ಕಾಲಿಡಲೇ ಇಲ್ಲ. ಏಳು ಗಂಟೆಗೆಲ್ಲ ಬಿಸಿಲು ಎದುರು ಮನೆಯ ತಗಡಿನಿಂದ ಜಾರಿ ಜಗಲಿಯ ಅರ್ಧವನ್ನು ನುಂಗಿ ಕೂತಿತ್ತು. ಹಾಸ್ಟೆಲಮ್ಮ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಮೂರು ಸಲ ನೆರಳಿಗೆ ಎಳೆದುಕೊಂಡಳು. ನಾಲ್ಕನೆಯ ಸಲ ಎಳೆಯುವಾಗ ಗೇಟಿನ ಮುಂದೆ ಟ್ಯೂಷನ್ ಮೇಷ್ಟ್ರ ಸ್ಕೂಟರು ನಿಂತಿತು. ಹಿಂದಿನ ದಿನ ಒಯ್ದ ಹನ್ನೆರಡು ಬಾಟಲಿ ಲಸ್ಸಿಯಲ್ಲಿ ಒಂಬತ್ತನ್ನು ಅವರು ಹಾಗೇ ಹೊತ್ತು ತಂದಿದ್ದರು.

"ರುಚಿಗೆ ಹೆಸರಿಡೋ ಹಾಗಿಲ್ಲಮ್ಮ," ಎಂದರು ಮೇಷ್ಟ್ರು. "ಆದ್ರೆ ಹುಡುಗರು ಇದನ್ನ ಸ್ನಾನದ ನೀರು ಅಂತಾರೆ. ಇಂಥ ಸೆಕೆಗೆ ಹಲ್ಲು ಜುಮ್ ಅನ್ನಬೇಕು. ಇಲ್ಲಾಂದ್ರೆ ಯಾರು ಕುಡೀತಾರೆ ಹೇಳಿ."

ಹಾಸ್ಟೆಲಮ್ಮ ಎಂಬುದು ಬೀದಿ ಇಟ್ಟ ಹೆಸರು. ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿದವಳು. ಅಷ್ಟೂ ವರ್ಷ ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಕೆಲಸ ಬಿಡುವ ದಿನ ವಾರ್ಡನ್ ಅಕ್ಕಿ, ಬೇಳೆ, ಎಣ್ಣೆಯನ್ನೆಲ್ಲ ತೂಗಿಸಿ ನೋಡಿ, ಇನ್ನು ತಪ್ಪು ಬಂದರೆ ಅದು ತಕ್ಕಡಿಯದು, ನಿಮ್ಮದಲ್ಲ ಎಂದು ಕೈ ಮುಗಿದಿದ್ದರು. ಆ ಒಂದು ಮಾತನ್ನು ಅವಳು ಪಿಂಚಣಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು. ಒಲೆಯ ಮುಂದೆ ಬೆಂದ ಮೈಗೆ ಕಡೆಗೆ ಸಕ್ಕರೆ ಕಾಯಿಲೆ ಬಂತು. ಒಂಬತ್ತು ವರ್ಷದಿಂದ ಬೆಳಗ್ಗೆ ಎದ್ದು, ಕೈ ಮುಗಿದು ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಸಿಕೊಂಡು, ಆಮೇಲೇ ತಿಂಡಿ. ದೇವರು, ಸೂಜಿ, ರೊಟ್ಟಿ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ಲಸ್ಸಿ ಸೊಸೆಯ ಕಸುಬು. ಅವಳು ಪಾಠ ಹೇಳುತ್ತಿದ್ದ ಸಣ್ಣ ಶಾಲೆ ಮಕ್ಕಳಿಲ್ಲದೆ ಬಾಗಿಲು ಹಾಕಿತ್ತು; ಕೈ ಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಹಾಲು ಕಾಯಿಸಿ, ಬೆರಳು ತಾಳುವಷ್ಟು ಆರಿಸಿ, ಹೆಪ್ಪು ಹಾಕುವುದನ್ನು ಅತ್ತೆಯೇ ಹೇಳಿಕೊಟ್ಟಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ತಾಸು ತೂಗುಹಾಕಬೇಕು. ಮೊದಲು ತಣ್ಣಗೆ ಮಾಡಿ ಆಮೇಲೆ ಕಡೆಯಬೇಕು. ಬೆಚ್ಚಗಿದ್ದಾಗ ಕಡೆದರೆ ಬೆಣ್ಣೆ ಬೇರೆಯಾಗಿ ತೇಲುತ್ತದೆ. ಏಲಕ್ಕಿಯನ್ನು ಸಕ್ಕರೆಯ ಜೊತೆಗೇ ಕುಟ್ಟಬೇಕು, ಇಲ್ಲವಾದರೆ ನಾರು ಹಲ್ಲಿಗೆ ಸಿಗುತ್ತದೆ. ಅನಾನಸನ್ನು ಹಸಿಯಾಗಿ ಹಾಕಬೇಡ, ಗಂಟೆಯೊಳಗೆ ಕಹಿಯಾಗುತ್ತದೆ ಎಂದು ಅತ್ತೆ ಹೇಳಿದ್ದನ್ನು ಕೇಳದೆ ಒಂದು ಸಲ ಇಪ್ಪತ್ತು ಬಾಟಲಿಯನ್ನು ಮೋರಿಗೆ ಸುರಿದ ಮೇಲೆ, ಸೊಸೆಗೆ ಅತ್ತೆಯ ನಾಲಗೆಯ ಮೇಲೆ ನಂಬಿಕೆ ಬಂತು. ಕುಡಿಯುವ ಹಾಗಿಲ್ಲದ ಅತ್ತೆ ಬೆರಳ ತುದಿಯ ಒಂದು ಹನಿಯನ್ನು ನಾಲಗೆಗೆ ಮುಟ್ಟಿಸಿ, ಬಾಯಿ ಮುಕ್ಕಳಿಸಿ ಉಗಿದು, ಸರಿ ಅಥವಾ ಸಾಲದು ಎನ್ನುತ್ತಿದ್ದಳು. ಮಾವು, ಗುಲಾಬಿ, ಏಲಕ್ಕಿ, ಮೂರಕ್ಕೂ ಅವಳದೇ ಮೊಹರು.

ಆ ಸಂಜೆ ಮಗ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಸ್ನಾನದ ನೀರಿನ ಕಥೆ ಕೇಳಿದ. ಅವನು ಮನೆಮನೆಯ ಕರೆಂಟು ಮೀಟರು ಓದಿ ಬಿಲ್ಲಿನ ಚೀಟಿ ಹರಿದುಕೊಡುವವನು, ಬೀದಿಗೆ ಮೀಟರಣ್ಣ. ಜಗತ್ತಿನ ಯಾವ ಯಂತ್ರವೂ ತನಗೆ ತಿಳಿಯದ್ದಲ್ಲ ಎಂಬ ಧೈರ್ಯ ಆ ಕಸುಬಿನಿಂದ ಬಂದಿತ್ತು. ಫ್ರಿಜ್ಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮೂರರಲ್ಲಿದ್ದ ಗುಂಡಿಯನ್ನು ಏಳಕ್ಕೆ ತಿರುಗಿಸಿದ. ತರಕಾರಿ ಹೊರಗೆ ಬಂತು. ಬಾಗಿಲಿನ ಅರೆಯಲ್ಲೂ ಬಾಟಲಿ ನಿಂತವು.

"ಅತ್ತೆ ಔಷಧಿ ಬಾಗಿಲಲ್ಲೇ ಇರಲಿ ಬಿಡ್ರೀ," ಎಂದಳು ಸೊಸೆ. "ಮೊದಲಿಂದ ಅಲ್ಲೇ ಇತ್ತಲ್ಲ."

"ಬಾಗಿಲಲ್ಲಿ ಎಂಥ ತಂಪು? ದಿನಕ್ಕೆ ನಲವತ್ತು ಸಲ ತೆಗೀತೀಯ ಅದನ್ನ. ಅಮ್ಮನ ಔಷಧಿಗೆ ಮೊದಲ ಮರ್ಯಾದೆ," ಎಂದ ಮಗ. ಇನ್ಸುಲಿನ್ ಸೀಸೆಯನ್ನು ರಟ್ಟಿನ ಪೆಟ್ಟಿಗೆಯ ಸಮೇತ ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ, ಎಲ್ಲಕ್ಕಿಂತ ಹಿಂದೆ, ಮಂಜು ಕಟ್ಟುವ ಗೋಡೆಗೆ ಆನಿಸಿ ಇಟ್ಟ. "ನೋಡಮ್ಮ, ನಿನಗೆ ಸಿಂಹಾಸನ. ಇದಕ್ಕಿಂತ ತಣ್ಣಗಿರೋ ಜಾಗ ಈ ಮನೇಲಿಲ್ಲ."

ಹಾಸ್ಟೆಲಮ್ಮನಿಗೆ ಸಂತೋಷವೇ ಆಯಿತು. ಇಷ್ಟು ಗಡಿಬಿಡಿಯಲ್ಲೂ ಮಗ ತನ್ನನ್ನು ನೆನೆದನಲ್ಲ ಎಂದು ಮನಸ್ಸಿನಲ್ಲೇ ಅವನ ತಲೆ ನೇವರಿಸಿದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಮರುದಿನದಿಂದ ಲಸ್ಸಿ ಹಲ್ಲು ಜುಮ್ಮೆನ್ನಿಸುವಷ್ಟು ತಣ್ಣಗಾಯಿತು. ಮುಚ್ಚಳ ತೆಗೆದರೆ ಮೇಲೆ ತೆಳುವಾಗಿ ಮಂಜಿನ ಪದರ. ಟ್ಯೂಷನ್ ಮೇಷ್ಟ್ರು ಹನ್ನೆರಡರಿಂದ ಇಪ್ಪತ್ತಕ್ಕೆ ಏರಿದರು. ಪಕ್ಕದ ಮನೆಯ ಟೈಲರಮ್ಮ ತನ್ನ ಹೊಲಿಗೆಯ ಹೆಂಗಸರಿಗೆಂದು ಹತ್ತು ಹೇಳಿದಳು. ಸೊಸೆ ಬೆಳಗ್ಗೆ ಐದಕ್ಕೇ ಎದ್ದು ಫ್ರಿಜ್ಜು ಖಾಲಿ ಮಾಡುವಳು. ದಾರಿಗೆ ಅಡ್ಡ ಬರುತ್ತಿದ್ದ ಸ್ಟೀಲ್ ಡಬ್ಬಿಯನ್ನೂ ತೆಗೆದು ಅಡುಗೆಕಟ್ಟೆಯ ಮೇಲೆ ಇಟ್ಟುಬಿಡುವಳು. ಏಳೂವರೆಗೆ ಮೊಮ್ಮಗಳು ಗುಬ್ಬಿ ಕಾಲೇಜಿಗೆ ಹೊರಡುವ ಮೊದಲು ಅದನ್ನು ತೆರೆದು ಅಜ್ಜಿಗೆ ಸೂಜಿ ಹಾಕುವಳು. ಅಷ್ಟು ಹೊತ್ತಿಗೆ ಡಬ್ಬಿಯ ಹೊರಗೆ ನಾಲ್ಕು ಹನಿ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಹಾಸ್ಟೆಲಮ್ಮನಿಗೆ ಬಾಯಾರಿಕೆ ಹೆಚ್ಚಿತು. ಚೊಂಬು ಚೊಂಬು ನೀರು ಕುಡಿದರೂ ನಾಲಗೆ ಮರದ ಚಕ್ಕೆಯಾಗಿರುತ್ತಿತ್ತು. ಕಾಲು ಭಾರ, ಕಣ್ಣು ಮಂಜು, ಕೂತಲ್ಲೇ ತೂಕಡಿಕೆ. ಪ್ರತಿ ಭಾನುವಾರ ಗುಬ್ಬಿ ಅಜ್ಜಿಯ ಬೆರಳು ಚುಚ್ಚಿ ಸಕ್ಕರೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಪದ್ಧತಿ. ಯಾವಾಗಲೂ ನೂರೈವತ್ತರ ಆಸುಪಾಸು ಇರುತ್ತಿದ್ದದ್ದು ಆ ಭಾನುವಾರ ಇನ್ನೂರ ನಲವತ್ತಕ್ಕೆ ಏರಿತು.

"ಅಜ್ಜಿ, ನಿಜ ಹೇಳು. ಏನು ತಿಂದೆ?"

"ನಿಮ್ಮಮ್ಮ ಬಡಿಸಿದ ರೊಟ್ಟಿ, ಬೇಳೆ."

"ಮತ್ತೆ?"

"ಮತ್ತೆ ನಿನ್ನ ಬೈಗುಳ."

ಗುಬ್ಬಿ ನಕ್ಕಳು. ಅಜ್ಜಿ ನಗಲಿಲ್ಲ. ಸೀಸೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಎಷ್ಟು ಸಾವಿರ ಸೇರು ಹಾಲು ಕಾಯಿಸಿದ ಕಣ್ಣು ಅದು. ಮೊದಲು ಈ ಔಷಧಿ ಉರುಳಿಸಿದರೆ ನೀರು ಮಜ್ಜಿಗೆಯ ಹಾಗೆ ಒಂದೇ ಸಮನಾಗುತ್ತಿತ್ತು. ಈಗ ಗಾಜಿನ ಒಳಮೈಗೆ ಬಿಳಿ ನುಚ್ಚು ಅಂಟಿಕೊಂಡಿತ್ತು.

"ಇದು ಒಡೆದಿದೆ ಕಣೇ."

"ಒಡೆಯೋಕೆ ಅದೇನು ಹಾಲಾ ಅಜ್ಜಿ?" ಎಂದು ಗುಬ್ಬಿ ಸೀಸೆಯನ್ನು ಇನ್ನೂ ಜೋರಾಗಿ ಕುಲುಕಿ ಸೂಜಿಗೆ ಎಳೆದಳು.

ಸೊಸೆಗೆ ಹೇಳಿದಳು. ಸೊಸೆ ಮೊಸರಿನ ಬಟ್ಟೆ ಹಿಂಡುತ್ತ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಅತ್ತೆ, ಬರೋ ವರ್ಷ ತೆಗೆಸೋಣ ಎಂದಳು. ಮಗನಿಗೆ ಹೇಳಿದಳು. ಅವನು ಪೆಟ್ಟಿಗೆಯ ಮೇಲಿನ ತಾರೀಕು ನೋಡಿ, ಇನ್ನೂ ಒಂದು ವರ್ಷ ಬಾಳಿಕೆ ಇದೆ, ಸುಮ್ಮನೆ ಇಲ್ಲದ್ದು ಹುಟ್ಟಿಸಬೇಡಮ್ಮ ಎಂದು ಊಟಕ್ಕೆ ಕೂತ. ಮೂವರಿಗೂ ಹೇಳಿ ಮೂವರಿಂದಲೂ ಇಲ್ಲ ಎನ್ನಿಸಿಕೊಂಡ ಮೇಲೆ, ತನ್ನ ಕಣ್ಣೇ ಸುಳ್ಳು ಹೇಳುತ್ತಿರಬಹುದೇ ಎಂದು ಅವಳಿಗೂ ಅನ್ನಿಸಿತು. ಮನುಷ್ಯನಿಗೆ ದೊಡ್ಡ ಅನ್ಯಾಯ ನಡೆಯುವುದು ಹೀಗೇ. ಮೊದಲು ಅವನ ಕಣ್ಣನ್ನು ಅವನೇ ನಂಬದ ಹಾಗೆ ಮಾಡಬೇಕು. ಉಳಿದದ್ದು ತಾನಾಗಿ ಆಗುತ್ತದೆ.

ಮುಂದಿನ ಭಾನುವಾರ ಬೆಳಗ್ಗೆ ಟೈಲರಮ್ಮ ತನ್ನ ಹತ್ತು ಬಾಟಲಿಗೆ ಬಂದಾಗ, ಮೇಷ್ಟ್ರ ಇಪ್ಪತ್ತು ಹೋಗಿ, ಅಡುಗೆಮನೆಯಲ್ಲಿ ಎಂಟೇ ಇದ್ದವು. ಸೊಸೆ ಎರಡು ಸಲ ಎಣಿಸಿದಳು. ಹಿಂದಿನ ದಿನ ಮೂವತ್ತು ತುಂಬಿದ್ದಳು, ಕೈಯಾರೆ. ಇದು ಮೊದಲ ಸಲವೂ ಅಲ್ಲ. ಎರಡು ವಾರದಿಂದ ಒಂದೊಂದು, ಎರಡೆರಡು ಕಮ್ಮಿ ಬರುತ್ತಿತ್ತು. ನಡುಮನೆಯಲ್ಲಿ ಗುಬ್ಬಿ ಆಗಷ್ಟೇ ಅಜ್ಜಿಯ ಬೆರಳು ಚುಚ್ಚಿದ್ದಳು. ಮುನ್ನೂರ ಹನ್ನೆರಡು.

ಸೊಸೆ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮುಖ ಕೆಂಪಾಗಿತ್ತು. "ಅತ್ತೆ, ಕೇಳಬಾರದು. ಆದ್ರೂ ಕೇಳ್ತೀನಿ. ಫ್ರಿಜ್ಜಿಂದ ಬಾಟಲಿ ತಗೊಂಡ್ರಾ?"

"ನಾನ್ಯಾಕೆ ತಗೊಳ್ಳಲಿ?"

"ಐದು ಗಂಟೆಗೆ ಎದ್ದು ಸೊಂಟ ಬೀಳೋ ಹಾಗೆ ಕಡೀತೀನಿ ಅತ್ತೆ. ಒಂದೊಂದು ಬಾಟಲಿ ನನ್ನ ಬೆವರು."

ಮಗ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. ತಿರುಗದೆ, ಕನ್ನಡಿಯಲ್ಲೇ ತಾಯಿಯನ್ನು ನೋಡಿ ಹೇಳಿದ: "ಅಮ್ಮ, ಆಸೆ ಪಡೋದು ತಪ್ಪಲ್ಲ. ವಯಸ್ಸಾದ ಮೇಲೆ ಎಲ್ಲರೂ ಮಕ್ಕಳೇ. ಆದ್ರೆ ಹೇಳಿ ಕುಡಿ. ಕದ್ದು ಕುಡೀಬೇಡ."

"ನಾನು ಮುಟ್ಟಿಲ್ಲ."

"ಹಾಗಾದ್ರೆ ಮುನ್ನೂರ ಹನ್ನೆರಡು ಆಕಾಶದಿಂದ ಬಿತ್ತಾ?"

ಗುಬ್ಬಿ ಕೈಯಲ್ಲಿದ್ದ ಯಂತ್ರವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ಯಂತ್ರವನ್ನೇ ನಂಬಿದಳು. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ, ಎಂಟೇ ಸಾಕು ಬಿಡಿ ಅಕ್ಕ, ಎಂದು ಕಣ್ಣು ತಗ್ಗಿಸಿದಳು. ಆ ತಗ್ಗಿಸಿದ ಕಣ್ಣು ಹಾಸ್ಟೆಲಮ್ಮನಿಗೆ ಮಗನ ಮಾತಿಗಿಂತ ಆಳವಾಗಿ ನಾಟಿತು.

ಮಧ್ಯಾಹ್ನ ಮಗ ಅಂಗಡಿಯಿಂದ ಒಂದು ಕೊಂಡಿ, ಒಂದು ಬೀಗ ತಂದು ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆದು ಕೂರಿಸಿದ. ಇದೆಲ್ಲ ನಿನ್ನ ಒಳ್ಳೆಯದಕ್ಕೇ ಎಂದ. ಬೀಗದ ಕೈ ಒಂದು ಸೊಸೆಯ ಬಳಿ, ಒಂದು ಅವನ ಬಳಿ. ಉಗ್ರಾಣದ ಬೀಗದ ಕೈ ಇಪ್ಪತ್ತಾರು ವರ್ಷ ಸೊಂಟದಲ್ಲಿಟ್ಟವಳು ಆ ರಾತ್ರಿ ತಣ್ಣೀರು ಕೇಳಬೇಕಾದಾಗ ಕೇಳಲಿಲ್ಲ. ನಲ್ಲಿಯ ಬಿಸಿ ನೀರನ್ನೇ ಕುಡಿದು ಮಲಗಿದಳು.

ಅಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಆದರೆ ಮಗನಿಗೆ ಮನೆಮನೆ ಬಾಗಿಲಲ್ಲಿ ನಿಂತು ಎರಡು ನಗೆಮಾತು ಆಡುವ ಚಾಳಿ. ಕೆಲಸಕ್ಕೆ ಹೋಗುತ್ತ, ಬರುತ್ತ, ನಮ್ಮ ಮನೇಲಿ ಎರಡು ಕಾಲಿನ ಬೆಕ್ಕು ಸಾಕಿದ್ದೀವಿ, ಲಸ್ಸಿ ಇಟ್ಟಲ್ಲಿ ಇರಲ್ಲ, ಬೀಗ ಹಾಕಿಸಿದೆ ಎಂದ. ಒಂದು ಮನೆಯಲ್ಲಿ ನಕ್ಕರು, ಆದ್ದರಿಂದ ಎರಡನೆಯ ಮನೆಯಲ್ಲೂ ಹೇಳಿದ. ವಾರದೊಳಗೆ ಬೀದಿಗೆಲ್ಲ ಬೆಕ್ಕು ಯಾರೆಂದು ಗೊತ್ತಾಯಿತು.

ಹಾಸ್ಟೆಲಮ್ಮನಿಗೆ ತಿಳಿದದ್ದು ಟ್ಯೂಷನ್ ಮೇಷ್ಟ್ರಿಂದ. ಕೆಟ್ಟ ಮನುಷ್ಯರಲ್ಲ ಅವರು, ನಗಿಸಲೆಂದೇ ಕೇಳಿದರು. "ಏನಮ್ಮ, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ? ಹಾಸ್ಟೆಲ್ಲಲ್ಲೂ ಹೀಗೇನಾ ಮಾಡ್ತಿದ್ರಿ?"

ಅವರು ಸ್ಕೂಟರು ಹತ್ತಿ ಹೋದರು. ಹಾಸ್ಟೆಲಮ್ಮ ಜಗಲಿಯಲ್ಲಿ ಹಾಗೇ ಕೂತಳು. ಎರಡು ಬಾಟಲಿಯ ಮಾತು ಈಗ ಎರಡು ಬಾಟಲಿಯದಾಗಿ ಉಳಿದಿರಲಿಲ್ಲ. ಹಿಂದಕ್ಕೆ ಹರಿದು ಇಪ್ಪತ್ತಾರು ವರ್ಷವನ್ನು ಒದ್ದೆ ಮಾಡಿತ್ತು. ಅವಳು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೈ ಮುಗಿದು ಕೂತಳು. ಬೇರೇನನ್ನೂ ಬೇಡಲಿಲ್ಲ. ನೀನು ನೋಡಿದ್ದೀಯ ತಾನೆ, ಎಂದು ಮಾತ್ರ ಕೇಳಿದಳು.

ಸಂಜೆ ಮಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. ಬೀದಿಯಲ್ಲಿ ಹೇಳಿದೆಯಾ? ಹೇಳಿದೆ, ತಮಾಷೆಗೆ ಎಂದ.

"ತಾಯಿನ ಕಳ್ಳಿ ಅನ್ನೋದು ತಮಾಷೆನಾ?"

"ಅಯ್ಯೋ, ಎಲ್ಲದಕ್ಕೂ ಅಷ್ಟು ಉದ್ದ ಎಳೀಬೇಡಮ್ಮ. ಜನ ನಾಳೆ ಮರೀತಾರೆ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಅಡಿಕೆಗೂ ಹೋಗಲಿಲ್ವಲ್ಲೋ. ಮೊಸರಿನ ನೀರಿಗೆ ಹೋಯ್ತು."

ಸೊಸೆ ಅಡುಗೆಮನೆಯಿಂದಲೇ, ಊಟ ಆರುತ್ತೆ ಬನ್ನಿ ಎಂದು ಕರೆದಳು. ಅವಳ ದನಿಯಲ್ಲೂ ಹಿಂದಿನ ಗಟ್ಟಿತನ ಇರಲಿಲ್ಲ. ಬೀಗ ಹಾಕಿದ ಮೇಲೂ ಅತ್ತೆಯ ಬಾಯಾರಿಕೆ ಇಳಿದಿಲ್ಲ ಎಂಬುದನ್ನು ಅವಳು ಗಮನಿಸಿದ್ದಳು. ಅದಕ್ಕಿಂತ ಹೆಚ್ಚಾಗಿ, ಬೀಗ ಹಾಕಿದ ಮೇಲೂ ಸೋಮವಾರ ಒಂದು ಬಾಟಲಿ ಕಮ್ಮಿ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಾನೇ ತಪ್ಪು ಎಣಿಸಿರಬೇಕೆಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದಳು.

ಗುರುವಾರ ನಸುಕಿನಲ್ಲಿ, ಸೊಸೆ ಇನ್ನೂ ಫ್ರಿಜ್ಜು ತೆರೆಯುವ ಮೊದಲೇ, ಹಾಸ್ಟೆಲಮ್ಮ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿಯಹೋದಳು, ಗೋಡೆ ಕೈಗೆ ಸಿಗಲಿಲ್ಲ. ಬಿದ್ದ ಸದ್ದಿಗೆ ಗುಬ್ಬಿ ಓಡಿಬಂದಳು. ಯಂತ್ರ ಸಂಖ್ಯೆ ತೋರಿಸಲಿಲ್ಲ. ಅಳತೆ ಮೀರಿದೆ ಎಂಬ ಗುರುತು ಮಾತ್ರ ತೋರಿಸಿತು. ಆಟೋ ತಂದು, ಸೊಸೆ ಒಂದು ಕಡೆ, ಗುಬ್ಬಿ ಒಂದು ಕಡೆ ಹಿಡಿದು ಮೂಲೆಯ ದವಾಖಾನೆಗೆ ಕರೆದುಕೊಂಡು ಹೋದರು. ಮಗ ಆ ದಿನದ ಮೀಟರಿನ ಸುತ್ತು ಬಿಟ್ಟು ಹಿಂದೆಯೇ ಬಂದ.

ಡಾಕ್ಟರು ಡ್ರಿಪ್ ಹಾಕಿಸಿದರು. ಅಲ್ಲಿನ ನರ್ಸಮ್ಮ ಮಾತು ಕಮ್ಮಿಯ, ಕೈ ಚುರುಕಿನ ಹೆಂಗಸು. ಏನೇನು ತಿಂದರು ಎಂದು ಕೇಳಿದಳು. ಮಗನೇ ಮುಂದೆ ಬಂದು, ಕದ್ದು ಲಸ್ಸಿ ಕುಡೀತಾರೆ ಮೇಡಂ, ಬೀಗ ಹಾಕಿದ್ರೂ ಎಲ್ಲಿಂದ ಸಿಗುತ್ತೋ ಗೊತ್ತಿಲ್ಲ ಎಂದ. ಮಂಚದ ಮೇಲಿದ್ದ ಹಾಸ್ಟೆಲಮ್ಮ ಕಣ್ಣು ತೆರೆದಳು. ಸೂಜಿ ಚುಚ್ಚಿದ ಕೈ ಎತ್ತಲಾಗಲಿಲ್ಲ. ಇನ್ನೊಂದು ಕೈಯಿಂದ ನರ್ಸಮ್ಮನ ಸೆರಗಿನ ಅಂಚನ್ನು ಹಿಡಿದಳು.

"ಔಷಧಿ ಒಡೆದಿದೆ," ಎಂದಳು. "ಎರಡು ವಾರದಿಂದ ಹೇಳ್ತಾ ಇದೀನಿ. ನೀವಾದ್ರೂ ನೋಡಿ."

ನರ್ಸಮ್ಮ ಸೀಸೆ ತಂದಿದ್ದೀರಾ ಎಂದು ಕೇಳಿದಳು. ಗುಬ್ಬಿ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ಆ ದಿನ ಗಡಿಬಿಡಿಯಲ್ಲಿ ಅಮ್ಮನಿಂದ ಬೀಗ ತೆಗೆಸಿ, ಫ್ರಿಜ್ಜಿನಿಂದ ನೇರವಾಗಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ನರ್ಸಮ್ಮ ರಟ್ಟಿನ ಪೆಟ್ಟಿಗೆ ಬಿಚ್ಚಿ, ಸೀಸೆ ಹೊರತೆಗೆದು, ತಲೆಕೆಳಗು ಮಾಡಿದಳು. ಒಳಗಿನದು ಕದಲಲಿಲ್ಲ. ಬಿಳಿ ಮಂಜುಗಡ್ಡೆ.

"ಇದನ್ನ ಎಲ್ಲಿಟ್ಟಿದ್ರಿ?"

ಸೊಸೆ, ಮೇಲಿನ ತಟ್ಟೆಯಲ್ಲಿ, ಹಿಂದೆ, ಎಂದಳು.

"ಒಂದು ಸಲ ಗಡ್ಡೆ ಕಟ್ಟಿದ್ರೆ ಇದರ ಶಕ್ತಿ ಮುಗೀತು. ಕರಗಿಸಿ ಚುಚ್ಚಿದ್ರೂ ನಂಬೋ ಹಾಗಿಲ್ಲ. ಇವರು ಲಸ್ಸಿ ಕುಡಿದಿದಾರೋ ಇಲ್ವೋ ನನಗೆ ಗೊತ್ತಿಲ್ಲ. ಒಂದು ಹನಿ ಕುಡೀದೇ ಇದ್ರೂ ಸಕ್ಕರೆ ಇಷ್ಟು ಏರ್ತಿತ್ತು." ನರ್ಸಮ್ಮ ಸೀಸೆಯನ್ನು ಕಸದ ಬುಟ್ಟಿಗೆ ಹಾಕಿ, ಹಾಸ್ಟೆಲಮ್ಮನ ಕಡೆ ತಿರುಗಿದಳು. "ನಿಮ್ಮ ಕಣ್ಣು ಸರಿಯಾಗೇ ಇದೆ ಅಮ್ಮ."

ಗುಬ್ಬಿ ಅಲ್ಲೇ ಅತ್ತಳು. ಸೊಸೆ ಮಂಚದ ಕಾಲಬಳಿ ಕೂತು ಅತ್ತೆಯ ಪಾದ ಒತ್ತತೊಡಗಿದಳು, ಒತ್ತುವ ಅಗತ್ಯವೇನೂ ಇರದಿದ್ದರೂ. ಮಗ ಔಷಧಿ ಅಂಗಡಿಗೆ ಹೋಗಿ ಹೊಸ ಸೀಸೆ ತರುತ್ತೇನೆ ಎಂದು ಹೊರಟ. ಹೋದವನು ಎಷ್ಟೋ ಹೊತ್ತು ಬರಲಿಲ್ಲ.

ಎರಡು ದಿನ ಕಳೆದು ಮನೆಗೆ ಬಂದರು. ಸೊಸೆ ಚಪ್ಪಲಿ ಬಿಟ್ಟವಳೇ ಸ್ಕ್ರೂಡ್ರೈವರು ಹುಡುಕಿ ಫ್ರಿಜ್ಜಿನ ಕೊಂಡಿ ಬಿಚ್ಚಲು ಕೂತಳು. ಹಾಸ್ಟೆಲಮ್ಮ ಕುರ್ಚಿಯಿಂದಲೇ ಬೇಡ ಎಂದಳು.

"ಇರಲಿ ಬಿಡು, ತೆಗೀಬೇಡ."

"ತಪ್ಪಾಯ್ತು ಅತ್ತೆ. ನಾನು ಪಾಪಿ. ಆ ಡಬ್ಬಿ ಕೈಗೆ ಕಲ್ಲಿನ ಹಾಗೆ ತಣ್ಣಗಿರ್ತಿತ್ತು, ಒಳ್ಳೇದೇ ಆಯ್ತು ಅಂದ್ಕೊಂಡೆ."

"ಅದು ತಪ್ಪು, ಪಾಪ ಅಲ್ಲ. ಗೊತ್ತಿಲ್ದೆ ಆದದ್ದಕ್ಕೆ ನಾನು ಯಾರನ್ನೂ ಬೈಯಲ್ಲ. ಔಷಧಿ ವಿಷಯ ಮುಗೀತು. ಬಾಟಲಿ ವಿಷಯ ಮುಗಿದಿಲ್ಲ. ಕುಡಿದವರು ಯಾರು ಅಂತ ಗೊತ್ತಾಗೋವರೆಗೂ ಈ ಮನೇಲಿ ಕಳ್ಳಿ ನಾನೇ. ಬೀಗ ಇರಲಿ."

ಸೊಸೆ ಗಂಡನ ಮುಖ ನೋಡಿದಳು. ಮಗ ಗೋಡೆಯ ಕ್ಯಾಲೆಂಡರು ಸೊಟ್ಟಗಿದೆಯೆಂದು ನೆಟ್ಟಗೆ ಮಾಡುತ್ತಿದ್ದ. "ಹೋಗ್ಲಿ ಬಿಡ್ರೇ," ಎಂದ. "ಎಣಿಸೋದ್ರಲ್ಲಿ ತಪ್ಪಿರುತ್ತೆ. ಎರಡು ಬಾಟಲಿಗೆ ಯಾಕೆ ಇಷ್ಟು ರಂಪ?"

ಉಗ್ರಾಣ ಕಾದವಳಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕಳ್ಳತನ ಆದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನೂ, ಕೊನೆಗೆ ಹೋಗಲಿ ಬಿಡಿ ಎಂದವನೂ ಒಬ್ಬನೇ ಆದರೆ, ಬೇರೆ ಕಡೆ ಹುಡುಕಬೇಕಾಗಿಲ್ಲ. ಎರಡು ಬಾಟಲಿಗೆ ಬೀಗ ಜಡಿದವನು ಇವನೇ ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಕ್ಯಾಲೆಂಡರು ಮುಟ್ಟಿಕೊಂಡ. ಹಾಸ್ಟೆಲಮ್ಮನ ಎದೆಯಲ್ಲಿ ಏನೋ ಕುದಿದು ಮೇಲೆ ಬಂತು. ಅವಳು ಅದನ್ನು ಉಕ್ಕಿಸಲಿಲ್ಲ. ಹಾಲಿನ ಹಾಗೆ, ಉರಿ ತಗ್ಗಿಸಿ ಅಲ್ಲೇ ನಿಲ್ಲಿಸಿದಳು.

ಮರುದಿನ ಬೆಳಗ್ಗೆ ಕೈ ಮುಗಿದು ಎದ್ದವಳು ನೇರವಾಗಿ ಮಗನ ಕೋಣೆಯ ಬಾಗಿಲಿಗೆ ಹೋದಳು.

"ಕಳ್ಳಿ ಬಂದಿದೀನಿ. ಸೂಜಿ ಹೊತ್ತಾಯ್ತು. ಬಂದು ಬೀಗ ತೆಗಿ."

ಸೊಸೆ ಓಡಿಬಂದು, ನಾನು ತೆಗೀತೀನಿ ಅತ್ತೆ ಎಂದಳು. ಬೇಡ, ಹಾಕಿದವನೇ ತೆಗೀಲಿ ಎಂದಳು. ಮಗ ಕಣ್ಣುಜ್ಜಿಕೊಳ್ಳುತ್ತ ಬಂದು ಬೀಗ ತೆಗೆದ. ಅವಳು ತನ್ನ ಔಷಧಿಯನ್ನು ಬಾಗಿಲಿನ ಅರೆಯಿಂದ ತೆಗೆದುಕೊಂಡು, ಎರಡು ಕೈಯನ್ನೂ ಬಿಡಿಸಿ ಅವನಿಗೆ ತೋರಿಸಿದಳು. "ನೋಡ್ಕೋ. ಬೇರೇನೂ ಮುಟ್ಟಿಲ್ಲ. ಹಾಕು ಬೀಗ."

ಹೀಗೆ ಆರು ದಿನ. ತಣ್ಣೀರು ಬೇಕಾದರೂ ಕರೆದಳು, ಒಂದು ನಿಂಬೆಹಣ್ಣಿಗೂ ಕರೆದಳು. ಒಂದು ಸಲವೂ ದನಿ ಏರಿಸಲಿಲ್ಲ, ಒಂದು ಸಲವೂ ಬಿಡಲಿಲ್ಲ. ಊಟಕ್ಕೆ ಕೂತವನನ್ನು ಎಬ್ಬಿಸಿದಳು, ಫೋನಿನಲ್ಲಿ ಮಾತಾಡುತ್ತಿದ್ದವನನ್ನು ಎಬ್ಬಿಸಿದಳು. ಸೊಸೆ ಮೊದಲೆರಡು ದಿನ ಕೈ ಹಿಸುಕಿಕೊಂಡಳು; ಮೂರನೆಯ ದಿನ ಅವಳಿಗೂ ಅರ್ಥವಾಯಿತೇನೋ, ಗಂಡನಿಗೆ ರೊಟ್ಟಿ ಬಡಿಸುವ ಕೈ ಸದ್ದು ಮಾಡತೊಡಗಿತು. ಗುಬ್ಬಿಯಂತೂ ಅಪ್ಪನ ಜೊತೆ ಮಾತೇ ಬಿಟ್ಟಳು.

ಆರನೆಯ ಸಂಜೆ ಮಗ ಬೀಗದ ಕೈ ತಿರುಗಿಸಿ ತಾಯಿಯ ಕಡೆ ನೋಡಿದ. "ಇನ್ನೂ ಎಷ್ಟು ದಿನ ಅಮ್ಮ?"

"ಅದು ನನ್ನ ಕೈಯಲ್ಲಿಲ್ಲಪ್ಪ."

ಅವನು ಫ್ರಿಜ್ಜಿನ ಬಾಗಿಲು ಹಿಡಿದೇ ನಿಂತ. ಒಳಗಿನ ತಂಪು ಇಬ್ಬರ ಕಾಲಿಗೂ ಬೀಳುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. ಮೇಲಿನ ಸಾಹೇಬರು ಅವನನ್ನು ಊರಾಚೆಯ ಗುಡ್ಡದ ಮೀಟರುಗಳಿಗೆ ಹಾಕುತ್ತೇನೆ ಎಂದಿದ್ದರು. ಅವರಿಗೆ ಲಸ್ಸಿ ಇಷ್ಟ. ಅದನ್ನು ತಪ್ಪಿಸಿಕೊಳ್ಳಲು ಒಂದು ಕೊಟ್ಟ, ಮತ್ತೊಂದು ಕೇಳಿದರು. ಒಂದೆರಡು ಸಲ ಸೆಕೆಗೆ ತಾನೂ ದಾರಿಯಲ್ಲಿ ಕುಡಿದ. ಒಂದು ಬಾಟಲಿಯನ್ನೂ ಬಿಟ್ಟಿ ಕೊಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರಿಂದ ಹೇಳಲಾಗಲಿಲ್ಲ.

"ನಿನ್ನ ಸಕ್ಕರೆ ಏರಿತ್ತಲ್ಲ ಅಮ್ಮ. ನಾನು ಕೆಲವು ತಗೊಂಡೆ, ನೀನೂ ಕೆಲವು ಕುಡಿದಿರ್ತೀಯ ಅಂತ ನಿಜವಾಗ್ಲೂ ಅಂದ್ಕೊಂಡೆ."

"ಅಂದ್ಕೊಂಡ್ಯೋ, ಅಂದ್ಕೊಳ್ಳೋದು ಸುಲಭ ಆಯ್ತೋ?"

ಅವನು ತಲೆ ತಗ್ಗಿಸಿ ಫ್ರಿಜ್ಜಿನ ಬಾಗಿಲು ಮುಚ್ಚಿದ.

"ಈಗ ನನ್ನೊಬ್ಬಳ ಕಿವಿಗೆ ಹೇಳಿ ಹಗುರಾಗಬೇಡ," ಎಂದಳು ಹಾಸ್ಟೆಲಮ್ಮ. "ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು? ನನ್ನ ಹೆಸರು ನಿನ್ನ ಹತ್ರ ಇದೆ. ಅದನ್ನ ಎಲ್ಲೆಲ್ಲಿ ಬಿಟ್ಟು ಬಂದಿದೀಯೋ, ಅಲ್ಲಲ್ಲಿಂದ ತಂದುಕೊಡು. ಆಮೇಲೆ ಬೀಗ ತೆಗಿ."

ಅವನು ಆ ರಾತ್ರಿ ಊಟ ಮಾಡಲಿಲ್ಲ. ಯಾರೂ ಒತ್ತಾಯವನ್ನೂ ಮಾಡಲಿಲ್ಲ.

ಬೀದಿಯ ಮೀಟರು ಓದುವ ಸರದಿ ಮರುದಿನವೇ ಬಂತು. ಹಾಸ್ಟೆಲಮ್ಮ ಸೂಜಿ ಚುಚ್ಚಿಸಿಕೊಂಡು, ರೊಟ್ಟಿ ತಿಂದು ಜಗಲಿಗೆ ಬಂದು ಕೂತಳು. ಮಗ ಬೀದಿಯ ಆ ತುದಿಯಿಂದ ಶುರು ಮಾಡಿದ್ದ. ದೂರದಿಂದ ಅವನ ಮಾತು ಕೇಳುತ್ತಿರಲಿಲ್ಲ. ನಿಂತ ಭಂಗಿ ಕಾಣುತ್ತಿತ್ತು. ಮೊದಲ ಮನೆ. ಮೀಟರು ನೋಡಿದ, ಚೀಟಿ ಹರಿದ, ಕೊಟ್ಟ. ಅಷ್ಟಕ್ಕೆ ಕೆಲಸ ಮುಗಿದಿತ್ತು. ಹೊರಡಲಿಲ್ಲ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲಲ್ಲಿದ್ದ ಹೆಂಗಸು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು, ಆಮೇಲೆ ತಲೆಯೆತ್ತಿ ಬೀದಿಯುದ್ದಕ್ಕೂ ಹಾಸ್ಟೆಲಮ್ಮನ ಜಗಲಿಯ ಕಡೆ ನೋಡಿದಳು.

ಎರಡನೆಯ ಮನೆ. ಮೂರನೆಯ ಮನೆ. ಒಂದು ಕಡೆ ಯಾರೋ ಗಂಡಸು ಅವನ ಬೆನ್ನು ತಟ್ಟಲು ಬಂದ; ಇವನು ಹಿಂದೆ ಸರಿದ. ಟ್ಯೂಷನ್ ಮೇಷ್ಟ್ರ ಮನೆ ಬಂದಾಗ ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಟೈಲರಮ್ಮನ ಬಾಗಿಲು. ಅಲ್ಲಿ ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಈಗ ಮಾತು ಕೇಳುವಷ್ಟು ಹತ್ತಿರ.

"ಬಾಟಲಿ ತಗೊಂಡಿದ್ದು ನಾನು. ಹನ್ನೊಂದು. ನಮ್ಮಮ್ಮ ಒಂದನ್ನೂ ಮುಟ್ಟಿಲ್ಲ. ಗೊತ್ತಿದ್ದೂ ಅವರ ಮೇಲೆ ಹಾಕಿದೆ."

ಟೈಲರಮ್ಮ ಹೊರಗೆ ಬಂದು, ಗೋಡೆಯಾಚೆಯಿಂದ ಹಾಸ್ಟೆಲಮ್ಮನನ್ನು ನೋಡಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ.

ಕಡೆಗೆ ಅವನು ತನ್ನ ಮನೆಯ ಗೇಟು ತೆಗೆದ. ತನ್ನ ಮನೆಯ ಮೀಟರನ್ನೂ ಓದಿದ, ಚೀಟಿ ಹರಿದ. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅವಳ ಕೈ ಮುಂಗೈವರೆಗೂ ಮೊಸರಾಗಿತ್ತು. ಬೀದಿಯ ಮಾತು ಅವನಿಗಿಂತ ಮುಂಚೆ ಅವಳನ್ನು ತಲುಪಿತ್ತು. ಆದರೂ ಅವನು ಅವಳ ಮುಂದೆಯೂ ಟೋಪಿ ತೆಗೆದು, ಅದೇ ಮಾತನ್ನು, ಒಂದು ಅಕ್ಷರವನ್ನೂ ಬಿಡದೆ ಹೇಳಿದ.

"ನನ್ನ ಬಾಯಲ್ಲಿ ಅತ್ತೆನ ಕಳ್ಳಿ ಅನ್ನಿಸಿಬಿಟ್ರಲ್ಲ," ಎಂದಳು ಸೊಸೆ. ಅಷ್ಟು ಹೇಳಿ ಚೀಟಿ ತೆಗೆದುಕೊಳ್ಳದೆ ಒಳಗೆ ಹೋದಳು.

ಅವನು ಜಗಲಿಗೆ ಬಂದು ತಾಯಿಯ ಕುರ್ಚಿಯ ಪಕ್ಕದಲ್ಲಿ, ಒಂದು ಮಟ್ಟ ಕೆಳಗೆ, ಮೆಟ್ಟಿಲ ಮೇಲೆ ಕೂತ. ಹೆಗಲಲ್ಲಿದ್ದ ಬಿಲ್ ಯಂತ್ರ ಇಳಿಸಿ ಪಕ್ಕಕ್ಕಿಟ್ಟ. ಬೆವರು ಅವನ ಕುತ್ತಿಗೆಯಿಂದ ಅಂಗಿಯೊಳಕ್ಕೆ ಇಳಿಯುತ್ತಿತ್ತು. ಹಾಸ್ಟೆಲಮ್ಮ ಅವನನ್ನು ನೋಡಲಿಲ್ಲ, ಬೀದಿಯನ್ನು ನೋಡುತ್ತಿದ್ದಳು.

"ಹದಿನೇಳು ಮನೆ ಆಯ್ತಮ್ಮ," ಎಂದ ಮೆಲ್ಲಗೆ. "ಮೂಲೆ ಮನೆಯವರು ಇರಲಿಲ್ಲ. ನಾಳೆ ಮತ್ತೆ ಹೋಗಿ ಹೇಳಿ ಬರ್ತೀನಿ."